ಟರ್ಬೊವನ್ನು ಕೊನೆಗೆ ಕೊಳ್ಳಿ

1962ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಟರ್ಬೊ ಜೋಡಿಸಿದ ಎರಡು ಕಾರುಗಳನ್ನು ಮಾರಾಟಕ್ಕಿಟ್ಟಿತು. ಸಾಮಾನ್ಯ ಗಿರಾಕಿ ಷೋರೂಮಿಗೆ ಹೋಗಿ ಕೊಳ್ಳಬಹುದಾಗಿದ್ದ ಮೊದಲ ಟರ್ಬೊ ಕಾರುಗಳು ಅವು. ಒಂದು ಷೆವ್ರೊಲೆ ಕೊರ್ವೇರ್ ಮಾನ್ಜಾ ಸ್ಪೈಡರ್, ಇನ್ನೊಂದು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಜೆಟ್‌ಫೈರ್‌ನದು 3.5 ಲೀಟರಿನ ಅಲ್ಯೂಮಿನಿಯಂ ವಿ8 ಇಂಜಿನ್. ಟರ್ಬೊ ಇಲ್ಲದ ಅದರ ಬಲಿಷ್ಠ ಮಾದರಿ 185 ಅಶ್ವಶಕ್ತಿ ಕೊಡುತ್ತಿತ್ತು. ಟರ್ಬೊ ಸೇರಿದ ಮೇಲೆ ಅದು 215ಕ್ಕೆ ಏರಿತು. ಆದರೆ ಇಂಜಿನ್ನಿನ ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬುದನ್ನು, 10.25ರಷ್ಟು ಎತ್ತರದಲ್ಲೇ ಉಳಿಸಿಕೊಂಡಿದ್ದರು. ಒತ್ತಡದ ಗಾಳಿ ಒಳಗೆ ನುಗ್ಗಿದಾಗ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಳ್ಳದಂತೆ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಂದು ಪುಟ್ಟ ಟ್ಯಾಂಕಿನಿಂದ ಇಂಜಿನ್ನಿಗೆ ಚಿಮ್ಮಿಸುವ ಏರ್ಪಾಟು ಮಾಡಿದರು. ಟ್ಯಾಂಕ್ ಬರಿದಾದರೆ ಟರ್ಬೊದ ಒತ್ತಡ ತಾನಾಗಿಯೇ ತಗ್ಗುತ್ತಿತ್ತು. ಮಾಲೀಕರು ದ್ರವ ತುಂಬಿಸಲು ಮರೆತರು, ಕಾರು ಮಂಕಾಯಿತೆಂದು ದೂರಿದರು. ಎರಡೇ ಮಾದರಿ ವರ್ಷಗಳಲ್ಲಿ, ಹತ್ತು ಸಾವಿರ ಕಾರುಗಳೂ ತಯಾರಾಗುವ ಮುನ್ನವೇ ಜೆಟ್‌ಫೈರ್ ಕಥೆ ಮುಗಿಯಿತು. ಮುಂದೆ ಹಲವು ಕಾರುಗಳ ಟರ್ಬೊ ಕಳಚಿ ಮಾಮೂಲಿ ಕಾರ್ಬುರೇಟರ್ ಕೂರಿಸಲಾಯಿತು.

ಅದೇ ಜನರಲ್ ಮೋಟರ್ಸ್‌ನ ಬ್ಯೂಯಿಕ್ ವಿಭಾಗ 1978ರಲ್ಲಿ ಮತ್ತೆ ಟರ್ಬೊಗೆ ಕೈ ಹಾಕಿತು. 3.8 ಲೀಟರಿನ ವಿ6 ಇಂಜಿನ್, ನಾಲ್ಕು ಬಾಯಿಯ ಕಾರ್ಬುರೇಟರ್, 165 ಅಶ್ವಶಕ್ತಿ. 1984ರಲ್ಲಿ ಕಾರ್ಬುರೇಟರ್ ಹೋಗಿ ಪ್ರತಿ ಸಿಲಿಂಡರಿಗೂ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂತು. ಶಕ್ತಿ 200ಕ್ಕೆ ಏರಿತು. 1986ರಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿತು. ಶಕ್ತಿ 235 ಆಯಿತು. 1987ರ ಗ್ರ್ಯಾಂಡ್ ನ್ಯಾಷನಲ್ 245 ಅಶ್ವಶಕ್ತಿಯದು. ಅದೇ ವರ್ಷ 547 ಕಾರುಗಳಷ್ಟೇ ತಯಾರಾದ ಜಿಎನ್‌ಎಕ್ಸ್ ಮಾದರಿಯದು 276. ಒಂಬತ್ತು ವರ್ಷ ಇಂಜಿನ್ನಿನ ಗಾತ್ರ ಅಷ್ಟೇ ಇತ್ತು. ದೊಡ್ಡ ನೆಗೆತಗಳೆರಡೂ ಬಂದದ್ದು ಪೆಟ್ರೋಲನ್ನು ಅಳೆದು ಕೊಡಲು ಕಲಿತಾಗ ಮತ್ತು ಶಾಖವನ್ನು ಹೊರಹಾಕಲು ಕಲಿತಾಗ. ಹಳೆಯ ಮಸಲ್ ಕಾರಿಗೆ ಕಡಿಮೆ ಖರ್ಚಿನಲ್ಲಿ ಟರ್ಬೊ ಕೂರಿಸಲು ಹೊರಟವರಿಗೆ ಈ ಇತಿಹಾಸಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇರೊಂದಿಲ್ಲ. ಅಂಥ ಕೆಲಸ ಸಾಧ್ಯ, ಮಾಡಲು ಯೋಗ್ಯವೂ ಹೌದು. ಆದರೆ ಅದು ಕಡಿಮೆ ಖರ್ಚಿನಲ್ಲಿ ಮುಗಿಯಬೇಕಾದರೆ ಹಣ ಮೊದಲು ಹೋಗಬೇಕಾದದ್ದು ತಾವಾಗಿಯೇ ಶಕ್ತಿ ಕೊಡದ ವಸ್ತುಗಳಿಗೆ: ಪೆಟ್ರೋಲ್ ಪಂಪು, ಇಂಜೆಕ್ಟರ್, ಇಂಟರ್‌ಕೂಲರ್, ಅಳತೆಯ ಮೀಟರು, ಬ್ರೇಕು. ಟರ್ಬೊ ಖರೀದಿ ಆ ಪಟ್ಟಿಯ ಕೊನೆಗಿರಬೇಕು.

ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ, ಮಧ್ಯಮ ಬೆಲೆಯ ಕಾರಿಗೆ ಅತಿ ದೊಡ್ಡ ವಿ8 ಇಂಜಿನ್ ಇಟ್ಟ ಅಮೆರಿಕದ ವಾಹನ. 1964ರ ಪಾಂಟಿಯಾಕ್ ಜಿಟಿಒ ಈ ಪರಂಪರೆಗೆ ನಾಂದಿ ಹಾಡಿತು ಎಂಬುದು ರೂಢಿಯ ಮಾತು. ಷೆವೆಲ್, ಚಾರ್ಜರ್, ರೋಡ್‌ರನ್ನರ್ ಎಲ್ಲ ಅದೇ ಸಾಲಿನವು. ಮಸ್ಟಾಂಗ್ ಮತ್ತು ಕಮೇರೋಗಳನ್ನೂ ಜನ ಇದೇ ಸಾಲಿಗೆ ಸೇರಿಸುತ್ತಾರೆ. ಏರಿದ ವಿಮಾ ಕಂತು, 1970ರ ಶುದ್ಧ ಗಾಳಿ ಕಾಯ್ದೆ, 1973ರ ತೈಲ ಬಿಕ್ಕಟ್ಟು ಈ ಯುಗವನ್ನು ಮುಗಿಸಿದವು. ಕಂಪನಿಗಳು ಸೀಸರಹಿತ ಪೆಟ್ರೋಲಿಗೆ ಒಗ್ಗುವಂತೆ ಕಂಪ್ರೆಷನ್ ಇಳಿಸಿದವು. 1975ರ ಹೊತ್ತಿಗೆ 5.7 ಲೀಟರಿನ ವಿ8 ಇದ್ದ ಕೊರ್ವೆಟ್ ಕೂಡ ಮೂಲ ಮಾದರಿಯಲ್ಲಿ 165 ಅಶ್ವಶಕ್ತಿಗೆ ಕುಸಿದಿತ್ತು. 1960ರ ದಶಕದ ಅಪರೂಪದ ಕಾರುಗಳು ಇಂದು ಹರಾಜಿನಲ್ಲಿ ಶ್ರೀಮಂತರ ಪಾಲಾಗುತ್ತವೆ. 1970ರ ದಶಕದ ಮಂಕು ಕಾರುಗಳು, 1979ರಿಂದ 1993ರವರೆಗೆ ಬಂದ ಮಸ್ಟಾಂಗ್‌ಗಳು ಮಾತ್ರ ದುಡಿದು ತಿನ್ನುವವರ ಕೈಗೂ ಎಟಕುತ್ತವೆ. ಮನೆಯ ಗ್ಯಾರೇಜಿನಲ್ಲಿ ವಾರಾಂತ್ಯ ಕಳೆಯುವ ಮೆಕ್ಯಾನಿಕ್, ವೆಲ್ಡರ್, ವಿದ್ಯಾರ್ಥಿಗಳ ಕೈಯಲ್ಲಿ ಟರ್ಬೊ ಹವ್ಯಾಸ ಬೆಳೆದಿರುವುದು ಇಂಥ ಕಾರುಗಳ ಮೇಲೆ. ಇಲ್ಲಿ ಒಂದು ಒಳ್ಳೆಯ ಸಂಗತಿಯಿದೆ: 1970ರ ದಶಕದ ಕಾರುಗಳ ಹೆಸರು ಕೆಡಿಸಿದ ಕಡಿಮೆ ಕಂಪ್ರೆಷನ್, ಅಂದರೆ 8 ಅಥವಾ 8.5ರ ಅನುಪಾತ, ಟರ್ಬೊಗೆ ಹೇಳಿ ಮಾಡಿಸಿದಂತಿದೆ. ಬ್ಯೂಯಿಕ್ ತನ್ನ ಟರ್ಬೊ ಇಂಜಿನ್ನಿಗೆ ಆರಿಸಿಕೊಂಡದ್ದೂ 8ರ ಆಸುಪಾಸಿನ ಅನುಪಾತವನ್ನೇ.

ಟರ್ಬೊ ಮಾಡುವ ಕೆಲಸ ಸರಳ. ಪೆಟ್ರೋಲ್ ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಆ ಹೊಗೆಯ ದಾರಿಗೆ ಒಂದು ಚಕ್ರ ಇಟ್ಟರೆ ಅದು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬುಷಿ 1905ರಲ್ಲೇ ಈ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನದ ಇಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿಗೂ ಮೇಲಕ್ಕೆ, ಸಾಗಿಸಿ ಪರೀಕ್ಷಿಸಿದರು. ಸಮುದ್ರಮಟ್ಟದಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಆ ಇಂಜಿನ್ ತೆಳು ಗಾಳಿಯಲ್ಲಿ ಸುಮಾರು 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ ಮತ್ತೆ 350ರ ಮೇಲಕ್ಕೆ ಬಂತು. ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚುತ್ತದೆ ಎಂಬುದು ಅಂದೇ ಸಾಬೀತಾಯಿತು. ಆದರೆ ಒಲೆಗೆ ಊದುಗೊಳವೆ ಹಿಡಿದವರಿಗೆ ಗೊತ್ತಿರುವಂತೆ, ಸೌದೆ ಇಲ್ಲದೆ ಊದಿದರೆ ಇರುವ ಕೆಂಡ ಬೇಗ ಉರಿದು ಬೂದಿಯಾಗುತ್ತದೆ. ಟರ್ಬೊದ ಎಲ್ಲ ಗೆಲುವು, ಎಲ್ಲ ಅನಾಹುತ, ಊದುವ ಗಾಳಿಗೂ ಹಾಕುವ ಸೌದೆಗೂ ಇರುವ ಹೊಂದಾಣಿಕೆಯಲ್ಲಿದೆ.

ಗಾಳಿಯ ಲೆಕ್ಕವನ್ನೇ ಮೊದಲು ನೋಡೋಣ. ನಮ್ಮ ಸುತ್ತಲಿನ ಗಾಳಿಯ ಒತ್ತಡ 14.7 ಪಿಎಸ್‌ಐ, ಕಾರಿನ ಟೈರಿಗೆ ಗಾಳಿ ಹಾಕಿಸುವಾಗ ಹೇಳುವ ಪಿಎಸ್‌ಐ ಇದೇ. ಟರ್ಬೊ ಅದರ ಮೇಲೆ ಇನ್ನೂ 7 ಪಿಎಸ್‌ಐ ಸೇರಿಸಿದರೆ ಒತ್ತಡ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಾಗಾದರೆ ಶಕ್ತಿಯೂ ಒಂದೂವರೆ ಪಟ್ಟಾಗಬೇಕಲ್ಲವೇ ಎಂದರೆ, ಆಗುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಕಾದರೆ ಹಿಗ್ಗುತ್ತದೆ. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದೆ, ಟರ್ಬೊದ ದಕ್ಷತೆ ಶೇ 70 ಎಂದುಕೊಂಡರೆ, ಹೊರಬರುವ ಗಾಳಿ ಸುಮಾರು 77 ಡಿಗ್ರಿ ಇರುತ್ತದೆ. ಅಷ್ಟು ಬಿಸಿಯಲ್ಲಿ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಹೆಚ್ಚುವುದು ಶೇ 26ರಷ್ಟು ಮಾತ್ರ. ಆ ಗಾಳಿಯನ್ನು ಒಂದು ಸಾಧಾರಣ ಇಂಟರ್‌ಕೂಲರ್ ಮೂಲಕ ಹಾಯಿಸಿ 43 ಡಿಗ್ರಿಗೆ ಇಳಿಸಿದರೆ ಹೆಚ್ಚಳ ಶೇ 40 ದಾಟುತ್ತದೆ. ಇಂಟರ್‌ಕೂಲರ್ ಎಂಬುದು ರೇಡಿಯೇಟರಿನಂಥ ಅಲ್ಯೂಮಿನಿಯಂ ಡಬ್ಬಿ. ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ, ಗುಜರಿಯಲ್ಲೂ ಸಿಗುತ್ತದೆ. ಅದೇ ಒತ್ತಡದಲ್ಲಿ ಶೇ 11ರಷ್ಟು ಹೆಚ್ಚಿನ ಗಾಳಿ ಕೊಡುವುದರ ಜೊತೆಗೆ ಇಂಜಿನ್ನಿನ ಆಯುಷ್ಯವನ್ನೂ ಕಾಯುತ್ತದೆ. ದುಡ್ಡು ಉಳಿಸಲು ಇಂಟರ್‌ಕೂಲರ್ ಬಿಟ್ಟು ಟರ್ಬೊದ ಒತ್ತಡವನ್ನೇ ಏರಿಸುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಶಾಖಕ್ಕೆ ಇಷ್ಟು ಹೆದರಬೇಕಾದ ಕಾರಣ ನಾಕಿಂಗ್. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಬೇಕು. ಮಿಶ್ರಣ ಮೊದಲೇ ಅತಿಯಾಗಿ ಕಾದು ಒತ್ತಡದಲ್ಲಿದ್ದರೆ, ಜ್ವಾಲೆ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಭಾಗ ತಾನಾಗಿ ಸಿಡಿಯುತ್ತದೆ. ಆ ಸಿಡಿತದ ಆಘಾತ ಪಿಸ್ಟನ್ ಉಂಗುರಗಳ ನಡುವಿನ ಪಟ್ಟಿಯನ್ನು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ಟನ್ನು ಹರಿಯುತ್ತದೆ, ಬೇರಿಂಗ್‌ಗಳನ್ನು ಜಜ್ಜುತ್ತದೆ. ಶಿರಾಡಿ ಘಾಟಿ ಹತ್ತುವ ಲಾರಿ ಬಸ್ಸುಗಳ ಡೀಸೆಲ್ ಇಂಜಿನ್ನುಗಳಲ್ಲಿ ಟರ್ಬೊ ಎಷ್ಟೋ ವರ್ಷಗಳಿಂದ ನಿರಾತಂಕವಾಗಿ ದುಡಿಯುತ್ತಿದೆಯಲ್ಲ ಎಂದು ಕೇಳಬಹುದು. ಡೀಸೆಲ್ ಇಂಜಿನ್ನಿನಲ್ಲಿ ಒತ್ತುವುದು ಬರೀ ಗಾಳಿಯನ್ನು. ಇಂಧನ ಬರುವುದು ಉರಿಯಬೇಕಾದ ಗಳಿಗೆಗೆ. ಪೆಟ್ರೋಲ್ ಇಂಜಿನ್ನಿನಲ್ಲಿ, ಅದರಲ್ಲೂ ಈ ಹಳೆಯ ಕಾರುಗಳಲ್ಲಿ, ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತು ಒಟ್ಟಿಗೆ ಒತ್ತಡಕ್ಕೆ ಸಿಲುಕುತ್ತವೆ. ಜೆಟ್‌ಫೈರ್‌ಗೆ ನೀರು-ಮೆಥನಾಲಿನ ಟ್ಯಾಂಕ್ ಬೇಕಾದದ್ದು ಇದಕ್ಕೇ. ಈಗಿನ ಹವ್ಯಾಸಿಗಳಿಗೆ ಇನ್ನೊಂದು ಉಪಾಯವಿದೆ: ಅಮೆರಿಕದ ಹಲವು ಬಂಕುಗಳಲ್ಲಿ ಸಿಗುವ, ಎಥನಾಲ್ ಹೆಚ್ಚಿರುವ ಇ85 ಇಂಧನ. ಅದು ನಾಕಿಂಗ್ ತಡೆಯುವುದರಲ್ಲಿ ಪೆಟ್ರೋಲಿಗಿಂತ ಬಹಳ ಮುಂದು. ಆದರೆ ಅದರಲ್ಲಿನ ಎಥನಾಲ್ ಪ್ರಮಾಣ ಋತು ಮತ್ತು ಪ್ರದೇಶಕ್ಕೆ ತಕ್ಕಂತೆ ಶೇ 51ರಿಂದ 83ರವರೆಗೆ ಬದಲಾಗುತ್ತದೆ, ಖರ್ಚಾಗುವ ಪ್ರಮಾಣವೂ ಹೆಚ್ಚು. ಆದ್ದರಿಂದ ಅದಕ್ಕೆ ಇನ್ನೂ ದೊಡ್ಡ ಪಂಪು, ಇನ್ನೂ ದೊಡ್ಡ ಇಂಜೆಕ್ಟರ್ ಬೇಕು.

ಇನ್ನು ಇಂಧನದ ಲೆಕ್ಕ. 1987ರಿಂದ 1992ರವರೆಗಿನ 5 ಲೀಟರಿನ ಮಸ್ಟಾಂಗನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಡವರ ಟರ್ಬೊ ಪ್ರಯೋಗಗಳಿಗೆ ಅದು ಅತಿ ಪರಿಚಿತ ಕಾರು. ಕಂಪನಿ ಹೇಳಿದ ಶಕ್ತಿ 225. ಇಂಟರ್‌ಕೂಲರ್ ಸಹಿತ 7 ಪಿಎಸ್‌ಐ ಒತ್ತಡ ಕೊಟ್ಟರೆ ಅದು ಶೇ 40ರಷ್ಟು ಏರಿ ಸುಮಾರು 315 ಆಗಬೇಕು. ಟರ್ಬೊ ಇರುವ ಪೆಟ್ರೋಲ್ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಬೇಡುತ್ತದೆಂಬುದು ಈ ಕಸುಬಿನವರು ಹಿಡಿಯುವ ಲೆಕ್ಕ. ಹಾಗಾದರೆ 315 ಅಶ್ವಶಕ್ತಿಗೆ ಗಂಟೆಗೆ 189 ಪೌಂಡ್ ಬೇಕು. ಕಾರಿನ ಜೊತೆ ಬಂದಿರುವ ಎಂಟು ಇಂಜೆಕ್ಟರುಗಳು ತಲಾ 19 ಪೌಂಡಿನವು. ಒಂದು ಕ್ಷಣವೂ ಮುಚ್ಚದೆ ತೆರೆದೇ ಇದ್ದರೂ ಅವು ಕೊಡಬಲ್ಲದ್ದು 152 ಪೌಂಡ್. 37 ಪೌಂಡಿನ ಕೊರತೆ. ಆ ಕೊರತೆ ಚಾಲಕನಿಗೆ ಕಾಣುವುದಿಲ್ಲ. ಕಾರು ಮುನ್ನುಗ್ಗುತ್ತಲೇ ಇರುತ್ತದೆ. ಒಳಗೆ ಮಾತ್ರ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ ಕಾಯುತ್ತ ಹೋಗಿ ಪಿಸ್ಟನ್ನನ್ನು ಕರಗಿಸುತ್ತದೆ. ಇಂಜೆಕ್ಟರನ್ನು ಅದರ ಸಾಮರ್ಥ್ಯದ ಶೇ 85 ಮೀರಿ ದುಡಿಸಬಾರದೆಂಬ ನಿಯಮ ಹಿಡಿದರೆ ತಲಾ 28 ಪೌಂಡ್ ಬೇಕು. ಮಾರುಕಟ್ಟೆಯಲ್ಲಿ ಸಿಗುವ 30 ಪೌಂಡಿನವು ಸಾಕು. ಜೊತೆಗೆ ದೊಡ್ಡ ಪಂಪೂ ಬೇಕು, ಏಕೆಂದರೆ ಕಾರಿನ ಮೂಲ ಪಂಪನ್ನು ಆರಿಸಿದ್ದು 225 ಅಶ್ವಶಕ್ತಿಯನ್ನು ಮನಸ್ಸಿನಲ್ಲಿಟ್ಟು. ಈ ಲೆಕ್ಕಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲು. ಕಡಿಮೆ ಖರ್ಚಿನ ಟರ್ಬೊ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಸುವ ಉಪಕರಣ ಇದೇ ಲೆಕ್ಕ.

ಕಾರ್ಬುರೇಟರ್ ಇರುವ ಇನ್ನೂ ಹಳೆಯ ಕಾರುಗಳಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ಟರ್ಬೊದಿಂದ ಹೊರಟ ಗಾಳಿಯನ್ನು ಕಾರ್ಬುರೇಟರ್ ಮೂಲಕವೇ ಇಂಜಿನ್ನಿಗೆ ಕಳಿಸುವುದು ಅಗ್ಗದ, ಜನಪ್ರಿಯ ವಿಧಾನ. ಆಗ ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನ ಮೇಲೂ ಅದೇ 7 ಪಿಎಸ್‌ಐ ಒತ್ತಡ ಬೀಳುತ್ತದೆ. ಆ ಕಾಲದ ಇಂಜಿನ್ನಿಗೆ ಜೋಡಿಸಿದ ಮೆಕ್ಯಾನಿಕಲ್ ಪಂಪು ಪೆಟ್ರೋಲನ್ನು ನೂಕುವ ಒತ್ತಡವೂ 5ರಿಂದ 7 ಪಿಎಸ್‌ಐ. ಎರಡೂ ಸಮವಾದ ಕ್ಷಣ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ಇಂಜಿನ್ನಿಗೆ ಅದರ ಅಗತ್ಯ ಅತಿ ಹೆಚ್ಚಿರುವ ಕ್ಷಣವೂ ಅದೇ. ಆದ್ದರಿಂದ ಟರ್ಬೊದ ಒತ್ತಡ ಏರಿದಷ್ಟೇ ಪೆಟ್ರೋಲಿನ ಒತ್ತಡವನ್ನೂ ಏರಿಸುವ ರೆಗ್ಯುಲೇಟರ್, ಅದಕ್ಕೆ ತಕ್ಕ ಎಲೆಕ್ಟ್ರಿಕ್ ಪಂಪು, ಒತ್ತಡದಲ್ಲಿ ಕುಸಿಯದ ಕಾರ್ಬುರೇಟರ್ ಫ್ಲೋಟ್ ಬೇಕೇಬೇಕು. ಕಾರ್ಬುರೇಟರನ್ನು ಟರ್ಬೊಗಿಂತ ಮೊದಲು ಇಟ್ಟು, ಪೆಟ್ರೋಲ್ ಬೆರೆತ ಗಾಳಿಯನ್ನೇ ಟರ್ಬೊ ಒತ್ತುವಂತೆ ಮಾಡುವ ಹಳೆಯ ವಿಧಾನವೂ ಇದೆ. ಜೆಟ್‌ಫೈರ್ ಮತ್ತು 1978ರ ಬ್ಯೂಯಿಕ್ ಎರಡೂ ಹಾಗೇ ಇದ್ದವು. ಅದರಲ್ಲಿ ಪಂಪಿನ ತೊಂದರೆ ಇಲ್ಲ. ಆದರೆ ಸುಡುವ ಮಿಶ್ರಣವನ್ನು ಇಂಟರ್‌ಕೂಲರಿನಲ್ಲಿ ಹಾಯಿಸುವಂತಿಲ್ಲವಾದ್ದರಿಂದ ಶಾಖದ ತೊಂದರೆ ಹಾಗೇ ಉಳಿಯುತ್ತದೆ. ಅಗ್ಗದ ದಾರಿಗಳೆಲ್ಲ ಒಂದೇ ಊರಿಗೆ ಹೋಗುವುದಿಲ್ಲ. ಯಾವ ದಾರಿ ಯಾವ ಖರ್ಚನ್ನು ಮುಂದಕ್ಕೆ ತಳ್ಳುತ್ತದೆ ಎಂಬುದನ್ನು ಹೊರಡುವ ಮುನ್ನವೇ ನೋಡಬೇಕು.

ಅಳೆಯದೆ ಇದನ್ನೆಲ್ಲ ನಂಬುವಂತಿಲ್ಲ. ಮಾಮೂಲಿ ಓಟದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಸರಿ. ಟರ್ಬೊ ಒತ್ತಡದಲ್ಲಿ ಅದು 11.5ರಿಂದ 12ರ ನಡುವೆ ಇರಬೇಕು, ಏಕೆಂದರೆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಸಿಲಿಂಡರನ್ನು ತಣಿಸುತ್ತದೆ. ಕಾರಿನಲ್ಲಿ ಮೊದಲೇ ಇರುವ ಆಕ್ಸಿಜನ್ ಸೆನ್ಸರ್ 14.7ರ ಆಚೆಯೋ ಈಚೆಯೋ ಎಂದಷ್ಟೇ ಹೇಳಬಲ್ಲದು. 11.5 ಇದೆಯೋ 13 ಇದೆಯೋ ಎಂದು ತಿಳಿಯಲು ವೈಡ್‌ಬ್ಯಾಂಡ್ ಎಂಬ ಬೇರೆ ಸೆನ್ಸರ್ ಬೇಕು. ಸ್ಪಾರ್ಕಿನ ಸಮಯವನ್ನೂ ಹಿಂದಕ್ಕೆ ಸರಿಸಬೇಕು: ಪ್ರತಿ ಒಂದು ಪಿಎಸ್‌ಐ ಒತ್ತಡಕ್ಕೆ ಸುಮಾರು ಒಂದು ಡಿಗ್ರಿ ಎಂಬುದು ಎಚ್ಚರಿಕೆಯ ಆರಂಭ. ದಟ್ಟ ಮಿಶ್ರಣದಲ್ಲಿ ಕಿಡಿ ಆರಿಹೋಗದಂತೆ ಪ್ಲಗ್ಗಿನ ಸಂದನ್ನು ಕಿರಿದಾಗಿಸಬೇಕು. ಹಿಂದೆ ಇದೆಲ್ಲ ಕಾರ್ಖಾನೆಗಳಿಗೆ ಮಾತ್ರ ಸಾಧ್ಯವಿತ್ತು. 2001ರ ಸುಮಾರಿಗೆ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್ ಎಂಬ, ಹವ್ಯಾಸಿಗಳೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದ ಇಂಜಿನ್ ನಿಯಂತ್ರಕ ಆ ಗೋಡೆಯನ್ನು ಒಡೆಯಿತು. ಬ್ಯೂಯಿಕ್ ಕಂಪನಿ ವರ್ಷಗಟ್ಟಲೆ ದುಡಿದು ಪಡೆದ ಹತೋಟಿ ಈಗ ಒಬ್ಬ ಸಾಮಾನ್ಯ ಮೆಕ್ಯಾನಿಕ್‌ನ ಮೇಜಿನ ಮೇಲೆ ಸಿಗುತ್ತದೆ. ಕಡಿಮೆ ಖರ್ಚಿನ ಟರ್ಬೊ ಇಂದು ಸಾಧ್ಯವಾಗಿರುವುದಕ್ಕೆ ನಿಜವಾದ ಕಾರಣ ಟರ್ಬೊ ಅಗ್ಗವಾದದ್ದಕ್ಕಿಂತ ಹೆಚ್ಚಾಗಿ ಈ ಹತೋಟಿ ಅಗ್ಗವಾದದ್ದು.

ಹಾಗಾದರೆ ಉಳಿತಾಯ ಎಲ್ಲಿ? ಮೊದಲು ಟರ್ಬೊದಲ್ಲೇ. ಕಮಿನ್ಸ್ ಡೀಸೆಲ್ ಇಂಜಿನ್ ಇರುವ ಡಾಡ್ಜ್ ರಾಮ್ ಪಿಕಪ್‌ಗಳಿಂದ ಕಳಚಿದ ಹೋಲ್ಸೆಟ್ ಟರ್ಬೊಗಳು ಗುಜರಿಯಲ್ಲಿ ಸಿಗುತ್ತವೆ. ಲಕ್ಷಾಂತರ ಮೈಲಿ ಭಾರ ಎಳೆಯಲು ಮಾಡಿದ ಗಟ್ಟಿ ಮಾಲು ಅದು. ಅಚ್ಚನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದಾಗ ಚಕ್ರ ಗೋಡೆಗೆ ತಾಗದಿದ್ದರೆ, ರೆಕ್ಕೆಗಳ ತುದಿ ಚಿಪ್ಪೆದ್ದಿರದಿದ್ದರೆ, ಅಂಥ ಟರ್ಬೊ ಹೆಸರಿಲ್ಲದ ಹೊಸ ನಕಲಿಗಿಂತ ಮೇಲು. ದೊಡ್ಡ ವಿ8 ಕಡಿಮೆ ವೇಗದಲ್ಲೂ ಸಾಕಷ್ಟು ಹೊಗೆ ಬಿಡುವುದರಿಂದ ಟರ್ಬೊ ತಡವಾಗಿ ಎಚ್ಚರಗೊಳ್ಳುವ ತೊಂದರೆಯೂ ಇಲ್ಲಿ ಕಡಿಮೆ. ಹೊಗೆ ಕೊಳವೆಗಳನ್ನು ಕಟ್ಟುವುದರಲ್ಲೂ ಉಳಿಸಬಹುದು: ಕಂಪನಿಯ ಎರಕದ ಕಬ್ಬಿಣದ ಮ್ಯಾನಿಫೋಲ್ಡ್‌ಗಳು ನೋಡಲು ಚೆಂದವಿಲ್ಲದಿದ್ದರೂ ಶಾಖ ತಾಳುತ್ತವೆ, ಬಿರುಕು ಬಿಡುವುದು ಕಡಿಮೆ, ವೆಲ್ಡಿಂಗ್ ಬಲ್ಲವರು ಉಳಿದ ಕೊಳವೆಯನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಆದರೆ ಎಣ್ಣೆಯ ಕೊಳವೆಗಳಲ್ಲಿ ಜಿಪುಣತನ ಸಲ್ಲದು. ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ತೆಳು ಎಣ್ಣೆಯ ಪದರದ ಮೇಲೆ ತೇಲುತ್ತದೆ. ಪಕ್ಕದಲ್ಲೇ ಹೊಗೆಯ ಶಾಖ 800 ಡಿಗ್ರಿ ದಾಟುತ್ತದೆ. ಎಣ್ಣೆ ಬರುವ ಕೊಳವೆ ಸೋರಿದರೆ ಬೆಂಕಿ, ಇಳಿದುಹೋಗುವ ಕೊಳವೆ ಕಿರಿದಾದರೆ ಅಥವಾ ಮೇಲ್ಮುಖವಾದರೆ ಟರ್ಬೊದ ಸೀಲು ಹಾಳು. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಹರಿಬಿಡುವ ವೇಸ್ಟ್‌ಗೇಟ್ ಚಿಕ್ಕದಾದರೆ ಒತ್ತಡ ನಮ್ಮ ಮಾತು ಕೇಳದೆ ಏರುತ್ತ ಹೋಗುತ್ತದೆ. ಆಗ ಮೇಲಿನ ಲೆಕ್ಕವೆಲ್ಲ ವ್ಯರ್ಥ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ, ಹಳೆಯ ಇಂಜಿನ್ ಇಷ್ಟು ಒತ್ತಡ ತಾಳಲಾರದು ಎಂಬುದು. ಅದರಲ್ಲಿ ಅರ್ಧ ಸತ್ಯವಿದೆ. ಎಣ್ಣೆ ಕುಡಿಯುವ, ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಹೊಂದದ ಇಂಜಿನ್ನಿಗೆ ಟರ್ಬೊ ಹಾಕುವುದು ಹಣ ಸುಟ್ಟಂತೆ. ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಯಾವ ಭಾಗವನ್ನೂ ಕೊಳ್ಳಬಾರದು. ಮಸ್ಟಾಂಗಿನ 5 ಲೀಟರ್ ಬ್ಲಾಕ್ ಸುಮಾರು 500 ಅಶ್ವಶಕ್ತಿ ದಾಟಿದರೆ ನಡುವೆ ಸೀಳುತ್ತದೆ ಎಂಬುದು ಆ ಕಸುಬಿನಲ್ಲಿ ಎಲ್ಲರೂ ಬಲ್ಲ ಮಾತು. ಆದರೆ ನಮ್ಮ ಲೆಕ್ಕದ 315 ಆ ಗೆರೆಯಿಂದ ಬಹಳ ದೂರದಲ್ಲಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಟರ್ಬೊ ಇಲ್ಲದೆ ಅದೇ ಶಕ್ತಿ ಪಡೆಯಲು ಹೊರಟರೆ ಇಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸಬೇಕು. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಕನೆಕ್ಟಿಂಗ್ ರಾಡನ್ನು ಎಳೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ನಿಮಿಷಕ್ಕೆ 5,000 ಸುತ್ತಿನಿಂದ 6,500ಕ್ಕೆ ಏರಿಸಿದರೆ ಆ ಎಳೆತ ಶೇ 69ರಷ್ಟು ಹೆಚ್ಚುತ್ತದೆ. ಟರ್ಬೊ ಹಳೆಯ ವೇಗದಲ್ಲೇ ಹೆಚ್ಚು ಶಕ್ತಿ ಕೊಡುವುದರಿಂದ ಆ ಹೊರೆ ಬೀಳುವುದಿಲ್ಲ. ಹಳೆಯ ಇಂಜಿನ್ನುಗಳನ್ನು ಕೊಲ್ಲುವುದು ಹೆಚ್ಚಾಗಿ ನಾಕಿಂಗ್ ಮತ್ತು ಪೆಟ್ರೋಲಿನ ಕೊರತೆ. ಅವೆರಡನ್ನೂ ತಡೆಯಲು ಮೊದಲೇ ಹಣ ಇಟ್ಟವರ ಇಂಜಿನ್ ಮಿತವಾದ ಒತ್ತಡದಲ್ಲಿ ಬಾಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಇಷ್ಟೆಲ್ಲ ಪಾಡು ಏಕೆ, ಹಳೆಯ ಇಂಜಿನ್ ಎತ್ತಿ ಹಾಕಿ ಹೊಸ ಕಾಲದ ಇಂಜಿನ್ ಕೂರಿಸಬಾರದೇ? ಜನರಲ್ ಮೋಟರ್ಸ್ 1999ರಿಂದ ತನ್ನ ಪಿಕಪ್‌ಗಳಿಗೆ ಹಾಕಿದ 4.8 ಮತ್ತು 5.3 ಲೀಟರಿನ ಕಬ್ಬಿಣದ ಬ್ಲಾಕಿನ ವಿ8ಗಳು ಅಮೆರಿಕದ ಗುಜರಿಗಳಲ್ಲಿ ರಾಶಿ ಬಿದ್ದಿವೆ. ಇಂಜೆಕ್ಟರ್, ಕಂಪ್ಯೂಟರ್ ಸಮೇತ ಬರುವ 5.3 ಲೀಟರಿನ ಇಂಜಿನ್ ಟರ್ಬೊ ಇಲ್ಲದೆಯೇ 280ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತದೆ. ಮೂಲ ಇಂಜಿನ್ ಸವೆದುಹೋಗಿರುವ ಕಾರಿಗೆ ಇದೇ ಸರಿಯಾದ ದಾರಿ ಎಂದು ಒಪ್ಪಬೇಕು. ಆದರೂ ಇದು ಟರ್ಬೊ ವಿರುದ್ಧದ ವಾದವಾಗುವುದಿಲ್ಲ. ಇಂಜಿನ್ ಬದಲಿಸಿದರೆ ಅದರ ಆಸರೆಗಳು, ಎಣ್ಣೆಯ ತೊಟ್ಟಿ, ವೈರಿಂಗ್, ಗೇರ್‌ಬಾಕ್ಸ್ ಜೋಡಣೆ, ಪೆಟ್ರೋಲ್ ಪಂಪು ಎಲ್ಲವೂ ಬದಲಾಗಬೇಕು; ಆ ಖರ್ಚನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಟ್ಟಿಯಾಗಿ ಓಡುತ್ತಿರುವ ಇಂಜಿನ್ ಕೈಯಲ್ಲಿರುವಾಗ ಟರ್ಬೊ ಕಡಿಮೆ ಬದಲಾವಣೆಯ ದಾರಿ, ಬೇಡವಾದರೆ ಕಳಚಬಹುದಾದ ದಾರಿ. ಜೊತೆಗೆ, ಇಂಜಿನ್ ಬದಲಿಸಿದವರಲ್ಲಿ ಬಹಳಷ್ಟು ಮಂದಿ ಅದೇ ಪಿಕಪ್ ಇಂಜಿನ್ನಿಗೆ ಮುಂದೆ ಟರ್ಬೊ ಹಾಕುತ್ತಾರೆ. ಪಿಸ್ಟನ್ ಉಂಗುರಗಳ ಬಾಯಿಯನ್ನು ತುಸು ಹೆಚ್ಚಿಸಿ, ಕಾದು ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಗುದ್ದದಂತೆ ಮಾಡಿದರೆ ಈ ಗುಜರಿ ಇಂಜಿನ್ನುಗಳು ಬಹಳ ಹೆಚ್ಚಿನ ಒತ್ತಡವನ್ನೂ ತಾಳುತ್ತವೆಂದು ಹಲವು ಪರೀಕ್ಷೆಗಳು ತೋರಿಸಿವೆ. ಅಲ್ಲಿಯೂ ಪಾಠ ಅದೇ: ಇಂಜಿನ್ ಉಳಿದದ್ದು ದುಬಾರಿ ಭಾಗಗಳಿಂದಲ್ಲ, ಶಾಖಕ್ಕೆ ಜಾಗ ಬಿಟ್ಟಿದ್ದರಿಂದ.

ಪರಂಪರೆಯ ಪ್ರಶ್ನೆಯನ್ನೂ ಕಡೆಗಣಿಸುವಂತಿಲ್ಲ. ಕಾರ್ಖಾನೆಯಿಂದ ಬಂದ ಅದೇ ಇಂಜಿನ್, ಅದೇ ಗೇರ್‌ಬಾಕ್ಸ್ ಇರುವ ಅಪರೂಪದ ಕಾರನ್ನು ಕೊರೆದು ಕತ್ತರಿಸುವುದು ತಪ್ಪು. ಅಂಥ ಕಾರು ಒಂದು ಕಾಲದ ದಾಖಲೆ. ಆದರೆ ಲಕ್ಷಗಟ್ಟಲೆ ತಯಾರಾದ, ಎರಡು ಮೂರು ಸಲ ಇಂಜಿನ್ ಬದಲಾದ, ಬಣ್ಣ ಹೋದ ಕಾರುಗಳ ಮುಂದಿರುವ ಬೇರೆ ದಾರಿ ಗುಜರಿಯ ಪ್ರೆಸ್ ಮಾತ್ರ. ಅಂಥ ಕಾರನ್ನು ಮತ್ತೆ ರಸ್ತೆಗೆ ತರುವ ಆಸಕ್ತಿ ಯುವಕರಲ್ಲಿ ಹುಟ್ಟಬೇಕಾದರೆ ಅದರಲ್ಲಿ ಅವರ ಕೈಚಳಕಕ್ಕೂ ಜಾಗ ಇರಬೇಕು. ಮಸಲ್ ಕಾರಿನ ಪರಂಪರೆ ಎಂದರೆ ಮೊದಲಿನಿಂದಲೂ ಕಡಿಮೆ ದುಡ್ಡಿನವರು ಹೆಚ್ಚು ಶಕ್ತಿಯನ್ನು ತಮ್ಮ ಕೈಯಿಂದ ಪಡೆದ ಪರಂಪರೆ.

ಸುರಕ್ಷತೆ ಮತ್ತು ಕಾನೂನಿನ ಮಾತಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. 1960ರ ದಶಕದ ಎಷ್ಟೋ ಮಸಲ್ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ಒಂದೆರಡು ಸಲ ಜೋರಾಗಿ ಒತ್ತಿದರೆ ಅವು ಕಾದು ಹಿಡಿತ ಬಿಡುತ್ತವೆ. ಅಂಥ ಕಾರಿಗೆ ಶೇ 40 ಶಕ್ತಿ ಸೇರಿಸಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸದವರು ತಮ್ಮ ಜೀವವನ್ನಷ್ಟೇ ಪಣಕ್ಕಿಡುವುದಿಲ್ಲ, ಎದುರು ಬರುವವರ ಜೀವವನ್ನೂ ಪಣಕ್ಕಿಡುತ್ತಾರೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆ ಕಾರಿನ ಹೊಗೆ ನಿಯಂತ್ರಣ ಸಾಧನಗಳನ್ನು ಕಳಚುವುದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ನಿಯತ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಅದರ ನಂತರದ ಕಾರಿಗೆ ಹಾಕುವ ಟರ್ಬೊ ಕಿಟ್‌ಗೆ ಆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಹವ್ಯಾಸಕ್ಕೆ ಇಳಿಯುವುದಾದರೆ ಕಾರು ಆರಿಸುವಾಗಲೇ ಇದನ್ನು ನೋಡಿಕೊಳ್ಳಬೇಕು. ಇಲ್ಲಿ, ಕರ್ನಾಟಕದಲ್ಲಿ, ಇದನ್ನು ಓದಿ ತಮ್ಮ ಹಳೆಯ ಕಾರಿನ ಕಡೆ ಕಣ್ಣು ಹಾಯಿಸುವವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಲ್ಲಿನ ಹವ್ಯಾಸವನ್ನು ನಮ್ಮ ರಸ್ತೆಗೆ ಹಾಗೇ ತರುವಂತಿಲ್ಲ.

ಆದ್ದರಿಂದ ಕೆಲಸದ ಕ್ರಮವೇ ಇಲ್ಲಿ ಖರ್ಚಿನ ನಿಯಂತ್ರಣ. ಮೊದಲು ಇಂಜಿನ್ನಿನ ಆರೋಗ್ಯ ಪರೀಕ್ಷಿಸಬೇಕು. ಆಮೇಲೆ ಎಷ್ಟು ಶಕ್ತಿ ಬೇಕೆಂಬ ಒಂದು ಸಂಖ್ಯೆ ಬರೆದುಕೊಂಡು, ಅದಕ್ಕೆ ಎಷ್ಟು ಪೆಟ್ರೋಲ್ ಬೇಕೆಂದು ಗುಣಿಸಬೇಕು. ಬ್ರೇಕು, ಪಂಪು, ಇಂಜೆಕ್ಟರ್ ಅಥವಾ ಕಾರ್ಬುರೇಟರ್, ವೈಡ್‌ಬ್ಯಾಂಡ್ ಮೀಟರ್, ಸ್ಪಾರ್ಕಿನ ನಿಯಂತ್ರಣ ಇಷ್ಟನ್ನೂ ಟರ್ಬೊ ಇಲ್ಲದ ಕಾರಿಗೇ ಜೋಡಿಸಿ, ಅದು ಸರಿಯಾಗಿ ಓಡುವುದನ್ನು ಖಚಿತಪಡಿಸಿಕೊಳ್ಳಬೇಕು. ಈ ಹಂತದಲ್ಲಿ ಹಣ ಮುಗಿದರೂ ನಷ್ಟವಿಲ್ಲ. ಕೈಯಲ್ಲಿರುವುದು ಮೊದಲಿಗಿಂತ ಚೆನ್ನಾಗಿ ಓಡುವ, ಚೆನ್ನಾಗಿ ನಿಲ್ಲುವ ಕಾರು. ತಲೆಕೆಳಗಾಗಿ ಶುರುಮಾಡಿದವರಿಗೆ ಆ ಭಾಗ್ಯವಿಲ್ಲ: ಟರ್ಬೊ ಮೊದಲು ಬಂದು ಹಣ ನಡುವೆ ಮುಗಿದರೆ ಉಳಿಯುವುದು ಓಡದ ಕಾರು, ಇಲ್ಲವೇ ಇನ್ನೂ ಕೆಟ್ಟದಾಗಿ, ಅಪಾಯದಲ್ಲಿ ಓಡುವ ಕಾರು. ಎಲ್ಲ ಅಣಿಯಾದ ಮೇಲೆ ಟರ್ಬೊ ಕೂರಿಸಿ, ವೇಸ್ಟ್‌ಗೇಟಿಗೆ ಅತಿ ಮೃದುವಾದ ಸ್ಪ್ರಿಂಗ್ ಹಾಕಿ, ಕಡಿಮೆ ಒತ್ತಡದಲ್ಲಿ ಓಡಿಸಿ ಮೀಟರು ನೋಡಬೇಕು. ಬರೆದುಕೊಂಡ ಸಂಖ್ಯೆ ತಲುಪಿದಾಗ ನಿಲ್ಲಬೇಕು. ಒತ್ತಡ ಏರಿಸುವ ತಿರುಪು ಅಲ್ಲೇ ಕೈಯಳತೆಯಲ್ಲಿರುತ್ತದೆ, ತಿರುಗಿಸಲು ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಆ ತಿರುಪು ಇಡೀ ಕೆಲಸದಲ್ಲಿ ಅತಿ ದುಬಾರಿ ಭಾಗವಾಗಬಲ್ಲದು. ಅದನ್ನು ಮುಟ್ಟದೆ ಬಿಡುವ ಸಂಯಮ ಇದ್ದವರಿಗೆ ಕಡಿಮೆ ಖರ್ಚಿನ ಟರ್ಬೊ ಖಂಡಿತ ಕೈಗೆಟಕುತ್ತದೆ. ಆ ಸಂಯಮ ಇಲ್ಲದಿದ್ದರೆ ಎಷ್ಟು ಹಣ ಸುರಿದರೂ ಇಂಜಿನ್ ಉಳಿಯುವುದಿಲ್ಲ.